ಪೂರ್ತಿ ಹೆಸರು ಬರೀರಿ

ಬಂಡಮ್ಮ ಅಮೋಘನ ಜೊತೆ ಆಡಿದ ಮೊದಲ ಮಾತೇ ಜಗಳದ್ದು.

"ಈ 'ಎ' ಅಂದ್ರ ಯಾರ್ರೀ? ಈ 'ಬಿ' ಯಾರು? ಕೆಳಗ ಇನ್ನೊಂದು 'ಎ-ಒಂದು' ಕುಂತದಲ್ಲ, ಅದು ಮೊದಲಿನ 'ಎ'ನ ಮಗನೇನು?"

ಅಮೋಘ ತಿರುಗಿ ನೋಡಿದ. ಪಕ್ಕದ ಕುರ್ಚಿಯಲ್ಲಿ ಅಂದೇ ಕೆಲಸಕ್ಕೆ ಸೇರಿದ ಹುಡುಗಿ. ಬೆಳಿಗ್ಗೆ ಕಮಲಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳಂತೆ, ಹೆಗಲ ಮೇಲಿನ ದುಪಟ್ಟಾ ಇನ್ನೂ ಮುದ್ದೆಯಾಗಿಯೇ ಇತ್ತು. ಅವನು ಬರೆದ ಕೋಡಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲು ಓದುತ್ತಿದ್ದಳು. ಅವಳ ಬೆರಳಿನ ಗುರುತು ಪರದೆಯ ಮೇಲೆ ಉಳಿಯುತ್ತಿತ್ತು.

"ಕಂಪ್ಯೂಟರಿಗೆ ತಿಳೀತದಲ್ಲ, ಸಾಕು. ಸಣ್ಣ ಹೆಸರಿದ್ರ ಬಡಾ ಬಡಾ ಬರಿಯಾಕ ಬರ್ತದ," ಅಂದ ಅಮೋಘ.

"ಕಂಪ್ಯೂಟರಿಗೆ ತಿಳದ್ರ ಏನ್ ಬಂತು? ನಾಳೆ ನೀವು ಈ ಕೆಲ್ಸಾ ಬಿಟ್ಟು ಹೋದ್ರ ಓದವಳು ನಾನು. ಪೂರ್ತಿ ಹೆಸರು ಬರೀರಿ."

"ಕೋಡ್ ಏನು ಸೀರೀನ್ರೀ, ಚಂದ ಕಾಣಾಕ?"

"ಸೀರಿ ಅಲ್ರಿ, ಮನಿ. ಹೊಸದಾಗಿ ಬಂದವರಿಗೆ ಅಡಗಿಮನಿ ಎಲ್ಲದ, ಜಳಕದ ಮನಿ ಎಲ್ಲದ ಅಂತಾದ್ರೂ ಗೊತ್ತಾಗಬೇಕೋ ಬ್ಯಾಡೋ?"

ಹಿಂದೆ ಕೂತಿದ್ದ ವಹಾಬ್ ಸಾಹೇಬರು ಚಹಾ ಕುಡಿಯುತ್ತ ನಕ್ಕುಬಿಟ್ಟರು. ಕಲಬುರ್ಗಿಯ ಜಗತ್ ಸರ್ಕಲ್ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವರ ಕಂಪನಿ. ಕಂಪನಿ ಅನ್ನುವುದು ದೊಡ್ಡ ಮಾತಾಯಿತು. ನಾಲ್ಕಾರು ಕಂಪ್ಯೂಟರು, ಕರೆಂಟ್ ಹೋದಾಗೊಮ್ಮೆ ಕುಂಯ್‌ಗುಡುವ ಯುಪಿಎಸ್ಸು, ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷವಾಗಿರಲಿಲ್ಲ. ೨೦೦೬ರ ಮಾತಿದು. ಊರಿನ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಅವರು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಕಮಲಾಪುರದ ಸೆಂಟರಿನಲ್ಲಿ ರಕ್ತ ತೆಗೆಯುವುದು, ಅದು ಬಸ್ಸಿನಲ್ಲಿ ಕಲಬುರ್ಗಿಗೆ ಬರುವುದು, ಇಲ್ಲಿ ಪರೀಕ್ಷೆಯಾದ ರಿಪೋರ್ಟು ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಆಗುವುದು. ಜನ ರಿಪೋರ್ಟಿಗಾಗಿ ಇಷ್ಟು ದೂರ ಬರುವ ತ್ರಾಸು ತಪ್ಪಿತ್ತು.

ಒಂದೇ ತೊಡಕು. ಕಮಲಾಪುರದಲ್ಲಿದ್ದದ್ದು ಟೆಲಿಫೋನ್ ತಂತಿಯ ಇಂಟರ್ನೆಟ್. ಪುಟ ತೆರೆಯುವುದರೊಳಗೆ ಜನ ಬೇಸತ್ತು ಕೌಂಟರ್ ಬಡಿಯುತ್ತಿದ್ದರು. ಅದನ್ನು ಸರಿಮಾಡಿದವನು ಅಮೋಘ. ಒಮ್ಮೆ ತೆರೆದ ರಿಪೋರ್ಟಿನ ನಕಲನ್ನು ಅಲ್ಲೇ ಎತ್ತಿಟ್ಟುಕೊಂಡು, ಮತ್ತೆ ಕೇಳಿದಾಗ ಆ ನಕಲನ್ನೇ ತೋರಿಸುವ ಉಪಾಯ. ಪುಟ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತಿತ್ತು. "ಅರೇ ಭಾಯ್, ಬಿಜಲಿ ಹೈ ಯೇ ತೋ!" ಇದು ಮಿಂಚೇ ಸರಿ ಅಂತ ವಹಾಬ್ ಸಾಹೇಬರು ಬೆನ್ನು ತಟ್ಟಿದ್ದರು. ಆ ಬೆನ್ನಿನ ಬಿಸಿ ಅವನಿಗೆ ಇನ್ನೂ ಆರಿರಲಿಲ್ಲ.

"ನಕಲಿಗೆ ಗುರುತು ಏನಿಟ್ಟೀರಿ?" ಅಂತ ಬಂಡಮ್ಮ ಕೇಳಿದಳು.

"ಹೆಸರು, ತಂದಿ ಇಲ್ಲಾ ಗಂಡನ ಹೆಸರು, ಊರು. ಮೂರೂ ಕೂಡ್ಸಿ ಒಂದು."

"ರಕ್ತ ಕೊಟ್ಟಾಗ ಕೊಡೂ ಚೀಟಿ ನಂಬರ್ ಯಾಕಿಲ್ಲ?"

"ಚೀಟಿ ಯಾರ್ ತರ್ತಾರ್ರೀ? ಎಲ್ಲಾರೂ ಕಳಕೊಂಡು ಬರ್ತಾರ. ಹೆಸರಿನ ಮ್ಯಾಲ ನಂಬರ್ ಹುಡುಕಬೇಕಂದ್ರ ಮತ್ತ ತಡ ಆಗತದ."

"ನಮ್ಮೂರಾಗ ಓಣ್ಯಾಗ ನಿಂತು ಬಂಡಮ್ಮಾ ಅಂತ ಒದರ್ರಿ. ಎಷ್ಟು ಬಾಗಲು ತೆರೀತಾವ ನೋಡ್ರಿ," ಅಂದಳು ಅವಳು.

ಅಮೋಘ ನಕ್ಕ. ನಕ್ಕು ಸುಮ್ಮನಾದ. ಅಲ್ಲೇ ಅವನು ಎಡವಿದ್ದು.

ಅವನ ಪೂರ್ತಿ ಹೆಸರು ಅಮೋಘಸಿದ್ದ. ಜೇವರ್ಗಿ ಕಾಲೋನಿಯ ಮನೆಯಲ್ಲಿ, ಕಾಲೇಜಿನಲ್ಲಿ, ಎಲ್ಲ ಕಡೆ ಅದನ್ನು ಕತ್ತರಿಸಿ ಅಮೋಘ ಮಾಡಿಕೊಂಡಿದ್ದ. ಬಂಡಮ್ಮನಿಗೂ ಎಂಸಿಎ ಓದುವಾಗ ಗೆಳತಿಯರು ವಂದನಾ ಅಂತ ಕರೆಯಲು ನೋಡಿದ್ದರಂತೆ. ಒಪ್ಪಿರಲಿಲ್ಲ. "ಮುತ್ಯಾ ಇಟ್ಟ ಹೆಸರದು. ನಂಗೇನ್ ನಾಚಿಕಿ?" ಅಂತ ಅವಳು ಅಜ್ಜನನ್ನು ನೆನೆದು ಗದ್ದ ಎತ್ತಿ ಹೇಳಿದಾಗ ಅಮೋಘ ಆ ಗದ್ದವನ್ನೇ ನೋಡುತ್ತ ಕೂತಿದ್ದ. ನೋಡಿದ್ದು ಅವಳಿಗೆ ಗೊತ್ತಾಯಿತು. ಪೆನ್ನಿನ ಕ್ಯಾಪ್ ಕಚ್ಚಿಕೊಂಡು ಪರದೆಯ ಕಡೆ ತಿರುಗಿದಳು, ಆದರೆ ಕಿವಿ ಕೆಂಪಾಗಿದ್ದು ಮುಚ್ಚಿಡಲಿಕ್ಕೆ ಆಗಲಿಲ್ಲ.

ದಿನ ಕಳೆದಂತೆ ಜಗಳ ರೂಢಿಯಾಯಿತು, ರೂಢಿ ರುಚಿಯಾಯಿತು. ಅವಳು ಊರಿನ ಕೆಂಪು ಬಾಳೆಹಣ್ಣು ಪೇಪರಿನಲ್ಲಿ ಸುತ್ತಿಕೊಂಡು ತರುವಳು. "ಒಂದು ಹಣ್ಣಿಗೆ ಒಂದು ಪೂರ್ತಿ ಹೆಸರು," ಅಂತ ಕರಾರು. ಅವನು ಹಣ್ಣು ತಿಂದು, ಒಂದು 'ಎ'ಯನ್ನು ಅಳಿಸಿ ಸರಿಯಾದ ಹೆಸರು ಬರೆಯುವನು. ಹಣ್ಣು ಮುಗಿದರೂ 'ಎ'ಗಳು ಮುಗಿಯಲಿಲ್ಲ, ಅಷ್ಟು ಬರೆದಿಟ್ಟಿದ್ದ ಪುಣ್ಯಾತ್ಮ! ಅವಳು ಹೋದಮೇಲೆ ಪರದೆಯ ಮೇಲಿನ ಬೆರಳ ಗುರುತು ಒರೆಸುವುದನ್ನು ಅವನು ಯಾವಾಗಲೋ ಬಿಟ್ಟಿದ್ದ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅವಳು ಬೇಗ ಹೋಗಿದ್ದಳು. ಅಮೋಘ ಡೇಟಾಬೇಸು ತೆರೆದು, ಹುಡುಕುವ ವೇಗ ಪರೀಕ್ಷಿಸುತ್ತಿದ್ದ. ಏನಾದರೂ ಒಂದು ಹೆಸರು ಹಾಕಬೇಕಲ್ಲ, ಅವನ ಕೈ ತಾನಾಗಿಯೇ ಬಂಡಮ್ಮ ಅಂತ ಹೊಡೆಯಿತು. ಭಾಗಪ್ಪ. ಕಮಲಾಪುರ. ತೀರ ಹೊಸದಾದ ಸಾಲೊಂದು ಮಾತ್ರ ಬರಲಿ ಅಂತ ಕೇಳಿದ್ದ, ಬಂತು.

ವಯಸ್ಸು ಇಪ್ಪತ್ತೈದು. ಬಿಳಿ ರಕ್ತಕಣ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೆಳಗೆ ಲ್ಯಾಬಿನವರ ಷರಾ: ಕೂಡಲೇ ದೊಡ್ಡ ಡಾಕ್ಟರಿಗೆ ತೋರಿಸಬೇಕು.

ಫ್ಯಾನ್ ತಿರುಗುತ್ತಿತ್ತು, ಕೆಳಗೆ ಆಟೋದವರು ಹಾರ್ನ್ ಹೊಡೆಯುತ್ತಿದ್ದರು, ಅಮೋಘನ ಕೈ ಕೀಬೋರ್ಡಿನ ಮೇಲೆ ಇಟ್ಟಲ್ಲೇ ಇತ್ತು. ಅವಳ ತಂದೆಯ ಹೆಸರು ಭಾಗಪ್ಪ. ಸೆಂಟರ್ ಶುರುವಾದಾಗ ಪರೀಕ್ಷೆಗಾಗಿ ತಾನೇ ರಕ್ತ ಕೊಟ್ಟು ಬಂದೆ ಅಂತ ಅವಳೇ ಹೇಳಿದ್ದಳು, ಈಗ ಮತ್ತೊಮ್ಮೆ ಕೊಟ್ಟಿರಬೇಕು. ಯಾರದೋ ರಿಪೋರ್ಟು ಹೀಗೆ ನೋಡಬಾರದು ಅನ್ನುವುದು ಅವನಿಗೆ ಗೊತ್ತಿತ್ತು. ನೋಡಿಯಾಗಿತ್ತು.

ಮನೆಗೆ ಹೋಗಿ ಊಟಕ್ಕೆ ಕೂತವನು ರೊಟ್ಟಿ ಮುರಿದಿಟ್ಟು ಎದ್ದ. ಮರುದಿನ ಇಂಟರ್ನೆಟ್ಟಿನಲ್ಲಿ ಬಿಳಿ ರಕ್ತಕಣದ ಬಗ್ಗೆ ಓದಿದ. ಓದಬಾರದಿತ್ತು. ಒಂದೊಂದು ಪುಟವೂ ಇನ್ನೊಂದಕ್ಕಿಂತ ಕೆಟ್ಟದ್ದನ್ನೇ ಹೇಳಿತು.

ಅಂದಿನಿಂದ ಅವನ ನಡವಳಿಕೆಯೇ ಬೇರೆಯಾಯಿತು. ಫ್ಯಾನಿನ ಕೆಳಗಿನ ಕುರ್ಚಿ ಅವಳಿಗೆ ಬಿಟ್ಟುಕೊಟ್ಟ. ಮೆಟ್ಟಿಲು ಹತ್ತಿ ಬಂದ ಕೂಡಲೇ ನೀರು ತಂದಿಟ್ಟ. ಅವಳು ಏನು ಹೇಳಿದರೂ "ಹೌದ್ರಿ, ನೀವಂದಂಗ" ಅಂದ. ಜಗಳವಾಡುವುದನ್ನು ಬಿಟ್ಟ.

"ಏನಾಗ್ಯಾದ್ರೀ ನಿಮಗ?" ಅಂತ ಅವಳು ಒಂದು ದಿನ ಕೇಳಿಯೇಬಿಟ್ಟಳು. "ಸಾಹೇಬ್ರು ನನ್ನ ಕೆಲ್ಸದಿಂದ ತೆಗೀತಾರೇನು? ಅದಕ್ಕ ಕನಿಕರ ಪಡಾಕತ್ತೀರೇನು?"

"ಇಲ್ರಿ, ಹಂಗೇನಿಲ್ಲ."

"ಮತ್ತ ಯಾಕ್ ಹಿಂಗ್ ನೋಡ್ತೀರಿ?"

"ಹ್ಯಾಂಗ?"

"ಬಸ್ ಬಿಟ್ಟು ಹೋಗೂ ಮುಂದ ನೋಡ್ತಾರಲ್ಲ, ಹಂಗ."

ಅಮೋಘ ಪರದೆಯ ಕಡೆ ತಿರುಗಿದ. ಇವಳಿಗೆ ಗೊತ್ತಿದೆಯೋ ಇಲ್ಲವೋ? ಗೊತ್ತಿದ್ದು ಮುಚ್ಚಿಡುತ್ತಿದ್ದಾಳೋ? ಗೊತ್ತಿಲ್ಲದಿದ್ದರೆ ತಾನು ಹೇಳದೆ ಸುಮ್ಮನಿರುವುದು ಎಂಥ ಪಾಪ? ಹೇಳಿದರೆ, ನನ್ನ ರಿಪೋರ್ಟು ನೀನು ಯಾಕೆ ನೋಡಿದಿ ಅಂತ ಕೇಳಿದರೆ? ಬೆಳಿಗ್ಗೆ ಹೇಳಬೇಕೆಂದುಕೊಂಡದ್ದು ಸಂಜೆಯ ಬಸ್ಸಿನವರೆಗೂ ಬಾಯಲ್ಲೇ ಉಳಿಯುತ್ತಿತ್ತು.

ಆ ಸೋಮವಾರ ಅವಳು ಆಫೀಸಿಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ವಹಾಬ್ ಸಾಹೇಬರೂ ಆಗಿನ್ನೂ ಬಂದಿರಲಿಲ್ಲ. ಅಮೋಘ ಖಾಲಿ ಕುರ್ಚಿ ನೋಡಿದ, ಪರದೆಯ ಮೇಲಿನ ಬೆರಳ ಗುರುತು ನೋಡಿದ, ಬ್ಯಾಗನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿಬಿಟ್ಟ.

ಮಹಾಗಾಂವ್ ಕ್ರಾಸಿನಲ್ಲಿ ಬಸ್ಸು ನಿಂತಾಗ ಡ್ರೈವರ್ ಇಳಿದು ಚಹಾ ಕುಡಿದ. ಅಮೋಘನಿಗೆ ಅವನ ಕಪ್ಪು ಕಸಿದು ಒಗೆಯಬೇಕೆನಿಸಿತು. ಒಂದು ಪುಟ ಅರೆಕ್ಷಣ ತಡವಾದರೆ ಸಹಿಸದವನು, ಈ ಬಸ್ಸಿನಲ್ಲಿ ಕೂತು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದ. ಅವಳನ್ನು ಇಷ್ಟು ಪ್ರೀತಿಸುತ್ತೇನೆಂದು ಅವನಿಗೆ ತಿಳಿದದ್ದು ಆ ದಾರಿಯಲ್ಲೇ.

ಮನೆ ಗೊತ್ತಿರಲಿಲ್ಲ. ಲ್ಯಾಬಿನ ಸೆಂಟರಿನಲ್ಲಿ ಕೇಳೋಣವೆಂದು ಒಳಗೆ ಹೋದರೆ, ಬಂಡಮ್ಮ ಅಲ್ಲೇ ನೆಲದ ಮೇಲೆ ಕೂತಿದ್ದಳು! ಎದುರಿಗೆ ಬಿಚ್ಚಿಟ್ಟ ಪ್ರಿಂಟರು, ಕೈತುಂಬ ಮಸಿ. ಕೌಂಟರಿನ ಮುನೀರಾ ಪಕ್ಕದಲ್ಲಿ ಬೀಸಣಿಗೆ ಹಿಡಿದು ನಿಂತಿದ್ದಳು.

"ಅಯ್ಯ! ನೀವ್ಯಾಕ್ ಬಂದ್ರಿ?" ಅಂದಳು ಬಂಡಮ್ಮ. "ಸಾಹೇಬ್ರೇ ಇಲ್ಲಿಗೆ ಹೋಗಂದಾರ. ಫೋನಿಗೆ ಚಾರ್ಜ್ ಇಲ್ಲ, ಬೆಳಗ್ಗಿಂದ ಕರೆಂಟ್ ಇದ್ದಿಲ್ಲ, ಈಗ ಬಂದಾದ."

"ನಿಮ್ಮ ಮೈ ಹ್ಯಾಂಗದ?"

"ಮೈಗೇನಾಗ್ಯಾದ?"

ಅಮೋಘನ ಕಟ್ಟೆ ಒಡೆಯಿತು. "ನಾ ನೋಡೀನ್ರಿ. ನಿಮ್ಮ ರಿಪೋರ್ಟ್ ನೋಡೀನಿ. ನೋಡಬಾರದಿತ್ತು, ತಪ್ಪಾಯ್ತು. ಬೈರಿ, ಹೊಡೀರಿ, ಆದ್ರ ಈಗಿಂದೀಗ ನನ್ನ ಜೊತಿ ಡಾಕ್ಟರ್ ಕಡೆ ನಡೀರಿ. ನಾ ಇದ್ದೀನಿ."

ಮುನೀರಾಳ ಬೀಸಣಿಗೆ ನಿಂತಿತು. ಬಂಡಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಮಸಿ ಕೈಯಲ್ಲೇ ಡ್ರಾವರ್ ತೆಗೆದು ಒಂದು ಕಾಗದ ಮುಂದೆ ಹಿಡಿದಳು. ಅವಳದೇ ರಿಪೋರ್ಟು, ಸೆಂಟರ್ ಶುರುವಾದಾಗ ತೆಗೆದಿಟ್ಟದ್ದು, ಫೆಬ್ರವರಿಯದು. ಎಲ್ಲ ಸರಿಯಾಗಿತ್ತು.

"ಗಟ್ಟಿಮುಟ್ಟ ಇದ್ದೀನ್ರೀ. ಏನ್ ನೋಡಿ ಹೆದರೀರಿ ನೀವು?"

ಅಮೋಘ ಕುರ್ಚಿಯಲ್ಲಿ ಕುಸಿದ. ಅವಳಿಗೆ ಏನೂ ಆಗಿಲ್ಲ. ಕಣ್ಣಲ್ಲಿ ನೀರೇ ಬಂತು. ಅವಳೂ ನಗಲಿಕ್ಕೆ ಶುರುಮಾಡಿದ್ದಳು, ಇಷ್ಟು ದಿನ ಇವನು ನೀರು ತಂದಿಟ್ಟದ್ದು ಯಾಕೆಂದು ಈಗ ಅರ್ಥವಾಗಿತ್ತು. ನಗು ಅರ್ಧಕ್ಕೇ ನಿಂತಿತು.

"ತಡೀರಿ. ನೀವು ನೋಡಿದ್ದು ಖರೇನು?"

"ಖರೆ. ಏಪ್ರಿಲ್ ತಿಂಗಳದ್ದು."

"ಹಂಗಾದ್ರ ಅದು ಯಾರದು?"

ಇಬ್ಬರೂ ಮುನೀರಾಳ ಕಡೆ ತಿರುಗಿದರು. ಅವಳು ಹಣೆ ಒತ್ತಿಕೊಂಡು ನೆನಪಿಸಿಕೊಂಡಳು. "ಬಂಡಮ್ಮ, ಗಂಡ ಭಾಗಪ್ಪ. ಹೊಸಾ ಮದಲಗಿತ್ತಿ. ಭಾಳ ದಣೀತೀನಿ, ಜ್ವರಾ ಬಿಡವಲ್ದು ಅಂತ ಬಂದಿದ್ಲು ಪಾಪ. ಹೋದ ವಾರ ರಿಪೋರ್ಟ್ ತಗಿದು ಕೊಟ್ಟೀನಿ. ಎಲ್ಲಾ ಚೊಲೋ ಬಂದಾದವ್ವ ಅಂದೆ, ಕೈ ಹಿಡದು ಅತ್ಲು. ಖುಷಿಲೆ."

ಅವಳ ಕೈಗೆ ಹೋಗಿದ್ದು ಈ ಬಂಡಮ್ಮನ ರಿಪೋರ್ಟು. ಅದೇ ಹೆಸರು, ಅದೇ ಊರು, ತಂದೆಯಾಗಲಿ ಗಂಡನಾಗಲಿ ಒಂದೇ ಖಾನೆ. ಅಮೋಘನ ಬಿಜಲಿ ಹಿಂದಿನ ನಕಲನ್ನೇ ಎತ್ತಿ ತೋರಿಸಿತ್ತು. ಎಷ್ಟು ವೇಗವಾಗಿ ತೋರಿಸಿತ್ತೆಂದರೆ, ತಾರೀಖು ನೋಡುವಷ್ಟು ಹೊತ್ತೂ ಮುನೀರಾಳಿಗೆ ಸಿಕ್ಕಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಇನ್ನೂ ಜನ ರಿಪೋರ್ಟಿಗೆ ಕಾಯುತ್ತಿದ್ದರು. "ಮುನೀರಾಬಾಯಿ, ಯಾರಿಗೂ ಏನೂ ಕೊಡಬ್ಯಾಡ್ರಿ!" ಅಂತ ಕೂಗಿ ಅಮೋಘ ಅಲ್ಲಿನ ಕಂಪ್ಯೂಟರಿನಲ್ಲೇ ಕೋಡ್ ತೆರೆದ. ನಕಲು ಎತ್ತಿಡುವ ಸಾಲನ್ನು ಮುಚ್ಚಬೇಕು, ಅಷ್ಟೇ. ಮೇಲೆ ಕೆಳಗೆ ಹುಡುಕಿದ. ಎ. ಬಿ. ಎ-ಒಂದು. ಯಾವುದು ಯಾವುದನ್ನು ಕರೆಯುತ್ತದೆ? ತಾನೇ ಬರೆದದ್ದು ತನಗೇ ತಿಳಿಯಲೊಲ್ಲದು. ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

"ಆ ಕಡೆ ಸರೀರಿ," ಅಂದಳು ಬಂಡಮ್ಮ. ಮಸಿ ಬೆರಳು ಪರದೆಯ ಮೇಲೆ ಇಳಿಯಿತು, ತುಟಿ ಅಲ್ಲಾಡಿತು. "ಈ 'ಎ-ಒಂದು' ಇಲ್ಲಿ ಬರ್ತದ... ಇಲ್ಲಿಂದ ಆ ಕಡೆ... ಹಾಂ, ಇದು. ಇದನ್ನ ಮುಚ್ಚರಿ."

"ನಿಮಗ ಹ್ಯಾಂಗ ಗೊತ್ತು?"

"ನಿಮ್ಮ ಕೋಡ್ ನಾ ನಿಮಗಿಂತ ಹೆಚ್ಚು ಓದೀನ್ರಿ. ದಿನಾ ಅದನ್ನೇ ಓದಾಕತ್ತೀನಿ." ಹೇಳಿದಮೇಲೆ ಅವಳಿಗೇ ನಾಚಿಕೆಯಾಯಿತು. ಅವನಿಗೆ ಅದನ್ನು ಗಮನಿಸುವ ಸ್ಥಿತಿ ಇರಲಿಲ್ಲ.

ಸಾಲು ಮುಚ್ಚಿದರು. ಮುನೀರಾಳ ರಿಜಿಸ್ಟರಿನಲ್ಲಿದ್ದ ಚೀಟಿ ನಂಬರ್ ಹಾಕಿ ಮತ್ತೆ ತೆರೆದರು. ಪುಟ ಇಷ್ಟಿಷ್ಟೇ ಇಳಿಯತೊಡಗಿತು. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಆ ಭಯಂಕರ ಅಂಕಿ. ಪ್ರಿಂಟರ್ ಜೋಡಿಸಿ ಅದನ್ನು ಕಾಗದಕ್ಕಿಳಿಸಿಕೊಂಡು ಮುನೀರಾ ಹೇಳಿದ ಮನೆಗೆ ಇಬ್ಬರೂ ಓಡಿದರು.

ಇನ್ನೊಬ್ಬ ಬಂಡಮ್ಮ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಲ್ಯಾಬಿನವರೆಂದಾಗ ನಕ್ಕು ಚಾಪೆ ಹಾಸಿದಳು.

ಅಮೋಘ ಕೂರಲಿಲ್ಲ. "ಅಕ್ಕಾ, ಹೋದ ವಾರ ನಿಮಗ ಕೊಟ್ಟ ಕಾಗದ ನಿಮ್ಮದಲ್ಲ. ಇವರದು. ನಾ ಬರೆದ ಕೋಡಿನಾಗ ತಪ್ಪಿತ್ತು. ನಿಮ್ಮದು ಇದು. ಈಗ ಕಲಬುರ್ಗಿಗೆ ಹೋಗಬೇಕು." ಮುಚ್ಚಿಡದೆ ಪೂರ್ತಿ ಹೇಳಿದ.

ಅವಳು ಕಾಗದ ತಿರುಗಿಸಿ ನೋಡಿದಳು. "ನನ್ನ ಹೆಸರು ಶಶಿಕಲಾ ಇತ್ತ್ರಿ," ಅಂದಳು ಮೆಲ್ಲಗೆ. "ಲಗ್ನದಾಗ ಬದಲಿ ಮಾಡಿದ್ರು. ನಮ್ಮ ಮನಿಯವರ ಅಮ್ಮನ ಹೆಸರು ಇಟ್ರು. ಹಳೇ ಹೆಸರೇ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲೇನು?"

ಅವಳ ಗಂಡ ಹೊಲದಿಂದ ಓಡಿ ಬಂದ. ಜೀಪು ಸಿಕ್ಕಿತು. ದಾರಿಯುದ್ದಕ್ಕೂ ಬಂಡಮ್ಮ ಆ ಬಂಡಮ್ಮನ ಕೈ ಹಿಡಿದುಕೊಂಡೇ ಇದ್ದಳು. ಅಮೋಘ ಮುಂದೆ ಕೂತು, ಒಂದು ವಾರ, ಒಂದು ವಾರ ತಡವಾಯಿತು ಅಂತ ತನ್ನನ್ನೇ ತಾನು ತಿನ್ನುತ್ತಿದ್ದ.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಡಾಕ್ಟರ ಬಾಗಿಲು ತೆರೆಯುವುದನ್ನು ಕಾಯುತ್ತ ಇಬ್ಬರೂ ಕೂತರು.

"ನೀವಲ್ಲ ಅಂತ ತಿಳದಾಗ ನಂಗ ಖುಷಿ ಆಯ್ತು," ಅಂದ ಅಮೋಘ. "ಅದನ್ನ ನೆನಸಿದ್ರ ಈಗ ಮೈಮ್ಯಾಲ ಮುಳ್ಳು ಬರ್ತಾವ. ಅಕಿನೂ ಯಾರಿಗೋ ಬೇಕಾದಾಕೀನೇ ಅಲ್ಲ?"

"ನಂಗೂ ಖುಷಿ ಆಯ್ತು," ಅಂದಳು ಅವಳು. "ಆ ಕಾಗದಕ್ಕಲ್ಲ. ನೀವು ಬ್ಯಾಗ್ ಸೈತ ಇಲ್ದ ಓಡಿ ಬಂದೀರಲ್ಲ, ಅದಕ್ಕ." ಹಾಗೆಯೇ ಕೇಳಿದಳು. "ಹುಡುಕಾಕ ನನ್ನ ಹೆಸರೇ ಯಾಕ್ ಹಾಕಿದ್ರಿ?"

"ಬ್ಯಾರೆ ಹೆಸರು ನೆನಪಾಗಲಿಲ್ರಿ."

ಬೆಂಚಿನ ಮೇಲೆ ಅವಳ ಮಸಿ ಕೈ ಅವನ ಕೈಯ ಪಕ್ಕಕ್ಕೆ ಬಂದು ಕೂತಿತು.

ಬಾಗಿಲು ತೆರೆದ ಡಾಕ್ಟರು, ಈಗಲಾದರೂ ತಂದಿರಿ, ಇನ್ನೊಂದಷ್ಟು ದಿನ ಬಿಟ್ಟಿದ್ದರೆ ಕಷ್ಟವಿತ್ತು ಅಂದರು. ಮರುದಿನವೇ ಆ ಬಂಡಮ್ಮನನ್ನು ಸೋಲಾಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಮೇಲಿನ ವಾರಗಳೂ ನೆಮ್ಮದಿಯವಲ್ಲ. ಫೋನ್ ಬಾರಿಸಿದರೆ ಅಮೋಘ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ವಹಾಬ್ ಸಾಹೇಬರು ಮೊದಲ ಸಲ ಅವನ ಮೇಲೆ ಕೂಗಾಡಿದರು, ಆಮೇಲೆ ತಾವೇ ಲ್ಯಾಬಿಗೆ ಹೋಗಿ ತಲೆ ತಗ್ಗಿಸಿ ನಿಂತು ಬಂದರು. ಹಳೆಯ ರಿಪೋರ್ಟುಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಿದರು. ಬೇರೆ ಯಾರದೂ ಅದಲುಬದಲಾಗಿರಲಿಲ್ಲ. ಕೊನೆಗೊಂದು ದಿನ ಭಾಗಪ್ಪ ಫೋನ್ ಮಾಡಿ, ಔಷಧಿ ಹತ್ತಿದೆ, ಶಶಿಕಲಾ ಎದ್ದು ಕೂತು ಊಟ ಮಾಡಿದಳು ಅಂದ. ಶಶಿಕಲಾ ಅಂತಲೇ ಅಂದ. ಅವತ್ತು ಅಮೋಘ ಹೊಟ್ಟೆತುಂಬ ಉಂಡ.

ಕೋಡನ್ನು ಇಬ್ಬರೂ ಸೇರಿ ಮೊದಲಿನಿಂದ ಬರೆದರು. ಪರೀಕ್ಷೆಗಳ ದರಪಟ್ಟಿ, ಡಾಕ್ಟರು ಸಿಗುವ ಹೊತ್ತು, ಇಂಥವು ನಕಲಿನಿಂದಲೇ ಬಡಾ ಬಡಾ ಬರಲಿ. ರಿಪೋರ್ಟು ಮಾತ್ರ ಪ್ರತಿ ಸಲ ಚೀಟಿ ನಂಬರಿನ ಮೇಲೆ, ಮೂಲದಿಂದಲೇ ಬರಬೇಕು. ಎಲ್ಲಿ ಓಡಬೇಕು ಎಲ್ಲಿ ನಿಲ್ಲಬೇಕು ಅನ್ನುವುದರ ಮೇಲೆ ಮತ್ತೆ ಜಗಳ ಶುರುವಾಯಿತು. ಅದು ಶುರುವಾದದ್ದೇ ಇಬ್ಬರಿಗೂ ಸಮಾಧಾನ.

ಕೆಲಸ ಮುಗಿದ ದಿನ ಪರೀಕ್ಷೆಗೆಂದು ಕಮಲಾಪುರದ ಸೆಂಟರಿನಲ್ಲೇ ಕೂತರು. ಮುನೀರಾ ಚಹಾ ತರಲು ಹೋಗಿದ್ದಳು. ಬಂಡಮ್ಮ ಹೊಸ ಪುಟದಲ್ಲಿ ತನ್ನದೇ ಹೆಸರು ಹೊಡೆದಳು. ತಂದೆಯ ಹೆಸರು, ಭಾಗಪ್ಪ. ಗಂಡನ ಹೆಸರಿಗೆ ಈಗ ಬೇರೆ ಖಾನೆ ಇತ್ತು. ಅಲ್ಲಿ ಬಂದು ಅವಳ ಬೆರಳು ನಿಂತಿತು.

"ಖಾಲಿ ಬಿಟ್ರ ನಡೀತದೇನು ನೋಡಬೇಕು," ಅಂದಳು.

"ತುಂಬಿದ್ರ ನಡೀತದೇನು ಅದೂ ನೋಡಬೇಕಲ್ರೀ."

ಅವಳು ತಿರುಗಲಿಲ್ಲ. "ಪರೀಕ್ಷಾಕೇನು?"

"ಅಲ್ಲ," ಅಂದ ಅಮೋಘ. "ಖರೇಖರೆ. ನಿಮ್ಮ ಮನಿಗೆ ಬಂದು ಹಿರೇರ್ನ ಕೇಳ್ತೀನಿ. ಮೊದಲ ನಿಮ್ಮನ್ನ ಕೇಳಾಕತ್ತೀನಿ."

"ಲಗ್ನದಾಗ ನನ್ನ ಹೆಸರಿಗೆ ಯಾರೂ ಕೈ ಹಚ್ಚಬಾರದು."

"ಹಚ್ಚಂಗಿಲ್ಲ."

ಅವಳು ಕೀಬೋರ್ಡನ್ನು ಅವನ ಕಡೆ ಸರಿಸಿದಳು. ಊರಿಗೆಲ್ಲ ವೇಗಕ್ಕೆ ಹೆಸರಾದ ಕೈ ಅಂದು ಒಂದೊಂದೇ ಅಕ್ಷರ ಹುಡುಕಿ ಹೊಡೆಯಿತು. ಅಮೋಘ. ಅಷ್ಟು ಹೊಡೆದು ಅವಳ ಮುಖ ನೋಡಿದ. ಅವಳು ಪೆನ್ನಿನ ಕ್ಯಾಪ್ ಕಚ್ಚಿಕೊಂಡು ಪರದೆಯನ್ನೇ ನೋಡುತ್ತಿದ್ದಳು, ಕಿವಿ ಕೆಂಪಗಾಗಿತ್ತು.

"ಇದೇನ್ರೀ ಅರ್ಧಾ?" ಅಂದಳು. "ಪೂರ್ತಿ ಹೆಸರು ಬರೀರಿ. ಮುಂದ ಓದವರಿಗೆ ತಿಳೀಬೇಕು."

ಅವನು ಉಳಿದದ್ದನ್ನೂ ಬರೆದ, ಅಮೋಘಸಿದ್ದ. ಅವಳು ಒಂದು ಸಲ ಬೆರಳಿಟ್ಟು ತುಟಿ ಅಲ್ಲಾಡಿಸಿ ಓದಿದಳು, ಆಮೇಲೆ ಸೇವ್ ಒತ್ತಿದಳು. ಕಮಲಾಪುರದ ತಂತಿಯ ಮೇಲೆ ಪುಟ ನಿಧಾನವಾಗಿ ಬರತೊಡಗಿತು.

"ತಡ ಆಗಾಕತ್ತದಲ್ಲ?" ಅಂದಳು ಬಂಡಮ್ಮ.

"ಆಗಲಿ ಬಿಡ್ರಿ," ಅಂದ ಅಮೋಘ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.